ಅಕ್ಕನ ಫಿಲ್ಮಿನ ಮೂರು ಬಿಳಿ ಚುಕ್ಕೆಗಳು

ಪುಣೆಯ ಹತ್ತಿರದ ನಿಗಡಿಯಲ್ಲಿ ನಮ್ಮ ಮನೆಯ ಪೂರ್ವದ ಕಿಟಕಿಗೆ ಹಾಲುಗಾಜು ಕೂರಿಸಿದವನು ನಾನೇ. ಎಲ್ಲಿಂದ ತಂದೆ ಎಂದು ಕೇಳಬೇಡಿ. ನಾನು ಕೆಲಸ ಮಾಡುತ್ತಿದ್ದ ಸ್ಕ್ಯಾನ್ ಸೆಂಟರಿನಲ್ಲಿ ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆಯೊಂದು ಕೆಟ್ಟು ಗುಜರಿಗೆ ಹೊರಟಿತ್ತು. ಅದರ ಮುಖ ಮಾತ್ರ ನಮ್ಮ ಮನೆಗೆ ಬಂತು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಸೂರ್ಯ ಅದರ ಹಿಂದೆ ಬಂದು ನಿಲ್ಲುತ್ತಿದ್ದ. ಪುಣೆಯ ದೊಡ್ಡ ದೊಡ್ಡ ಡಾಕ್ಟರುಗಳ ಕೋಣೆಯಲ್ಲೂ ಅಂಥ ಬೆಳಕು ಇರಲಿಲ್ಲ. ಇದು ಬಡಾಯಿ ಅಲ್ಲ. ಬಡಾಯಿ ಇನ್ನು ಮುಂದೆ ಬರುತ್ತದೆ.

ನಾನು ಡಾರ್ಕ್‌ರೂಮಿನವನು. ವಿಜಾಪುರದ ಕಡೆಯಿಂದ ಬಂದು ಮೂವತ್ತು ವರ್ಷ ಕತ್ತಲಲ್ಲಿ ನಿಂತು ಫಿಲ್ಮು ತೊಳೆದೆ. ಮೊದಲು ಟ್ರೇಗಳಲ್ಲಿ ಕೈಯಿಂದ ತೊಳೆಯುತ್ತಿದ್ದೆವು. ಆಮೇಲೆ ಯಂತ್ರ ಬಂತು. ಒಂದು ಕಡೆಯಿಂದ ಫಿಲ್ಮು ತುರುಕಿದರೆ ರಬ್ಬರಿನ ರೋಲರುಗಳು ಅದನ್ನು ಔಷಧದ ನೀರೊಳಗೆ ಎಳೆದುಕೊಂಡು ಹೋಗಿ ಇನ್ನೊಂದು ಕಡೆ ಒಣಗಿಸಿ ಉಗುಳುತ್ತಿದ್ದವು. ರೋಲರಿನ ಮೇಲೆ ಒಂದು ಕಣ ಕೊಳೆ ಕೂತರೂ ಫಿಲ್ಮಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ, ಅದೂ ಒಂದಲ್ಲ, ರೋಲರು ಒಂದೊಂದು ಸುತ್ತು ಹೊಡೆದಾಗಲೂ ಒಂದೊಂದು, ಸಮ ಅಂತರದಲ್ಲಿ. ಬೇರೆಯವರ ಫಿಲ್ಮಿನಲ್ಲಿ ಬೀಳುತ್ತಿತ್ತು. ನನ್ನ ಫಿಲ್ಮಿನಲ್ಲಿ ಬಿದ್ದದ್ದಿಲ್ಲ. ಬೇರೆ ಆಸ್ಪತ್ರೆಯ ಡಾಕ್ಟರುಗಳು ಫಿಲ್ಮನ್ನು ಎತ್ತಿ ಹಿಡಿದು, ಇದನ್ನು ತೊಳೆದವರು ಯಾರು ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಸರಿ, ಒಬ್ಬರು ಕೇಳಿದ್ದರು.

ಭಾನುವಾರ ಬೆಳಿಗ್ಗೆ ಆ ಕಿಟಕಿಯ ಮುಂದೆ ನಮ್ಮ ಕಡೆಯ ಜನ ಸೇರುತ್ತಿದ್ದರು. ಬಟ್ಟೆ ಅಂಗಡಿಯವರು, ಆಫೀಸಿನ ಗುಮಾಸ್ತರು, ಅವರ ಮನೆಯವರು, ಎಲ್ಲರ ಕಂಕುಳಲ್ಲೂ ಒಂದೊಂದು ದೊಡ್ಡ ಕಂದು ಲಕೋಟೆ. ರಿಪೋರ್ಟು ಇಂಗ್ಲಿಷಿನಲ್ಲಿ ಇರುತ್ತಿತ್ತು, ಡಾಕ್ಟರು ಮರಾಠಿಯಲ್ಲಿ ಎರಡು ಮಾತು ಹೇಳಿ ಕಳಿಸುತ್ತಿದ್ದರು. ನಮ್ಮವರಿಗೆ ಅಷ್ಟು ಸಾಲದು. ತಮ್ಮವನೇ ಒಬ್ಬ ಫಿಲ್ಮನ್ನು ಬೆಳಕಿಗೆ ಹಿಡಿದು ಕನ್ನಡದಲ್ಲಿ ಹೇಳಬೇಕು. ನಾನು ಹೇಳುತ್ತಿದ್ದೆ. “ಎಲುಬು ಕೂಡೇದ, ಇನ್ನ ಕುಣೀರಿ.” “ಸೇದೂದು ಬಿಡ್ರಿ, ಎದಿಯೊಳಗ ಅಡಗಿಮನಿ ಕಾಣಾಕತ್ತದ.” ನಾನು ಡಾಕ್ಟರಲ್ಲ, ಅದು ಅವರಿಗೂ ಗೊತ್ತಿತ್ತು. ಏನಾದರೂ ಕೆಟ್ಟದ್ದು ಕಂಡರೆ ಮಾತ್ರ ನನ್ನದು ಒಂದೇ ಮಾತು: “ಇವತ್ತ ಬೆಳಕ ಸಾಲವಲ್ದು. ಡಾಕ್ಟರಿಗೆ ತೋರಸ್ರಿ.” ಹೊರಗೆ ಬಿಸಿಲು ಉರಿಯುತ್ತಿದ್ದರೂ ಯಾರೂ ಎದುರು ಮಾತಾಡುತ್ತಿರಲಿಲ್ಲ. ಸುಮ್ಮನೆ ಲಕೋಟೆ ಮುಚ್ಚಿಕೊಂಡು ಹೋಗುತ್ತಿದ್ದರು.

ನಮ್ಮಕ್ಕ ಪ್ರತಿ ಭಾನುವಾರ ಅವಲಕ್ಕಿ ಕಲಸಿಕೊಂಡು ಬಂದು ಮೂಲೆಯಲ್ಲಿ ಕೂರುತ್ತಿದ್ದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನನ್ನು ಸಾಕಿದವಳು. ಗಂಡ ತೀರಿಕೊಂಡ ಮೇಲೆ ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಇದ್ದಳು. ನನ್ನ ಕುಚೇಷ್ಟೆಗಳಿಗೆ ಬಾಯಿಯ ಮೇಲೆ ಸೆರಗು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಆ ಜನ, ಆ ಕಿಟಕಿ, ಆ ಬಡಾಯಿ ಎಲ್ಲ ಆ ನಗುವಿಗಾಗಿ ಇತ್ತು ಎಂದು ಈಗ ಅನ್ನಿಸುತ್ತದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಸೆಂಟರಿಗೆ ಎಮ್ಆರ್‌ಐ ಯಂತ್ರ ಬಂತು. ಅದರ ಹಿಂದೆಯೇ ಕಲಬುರ್ಗಿಯವನು ಬಂದ.

ಅವನ ಅಪ್ಪ-ಅವ್ವ ಚಿಂಚವಾಡದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಇವನು ತಗಡಿನ ಶೆಡ್ಡಿನಲ್ಲಿ ಓದಿ ಟೆಕ್ನಿಷಿಯನ್ ಆದವನು. ನನಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಕಡಿಮೆ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭವಲ್ಲ, ಆದರೆ ನನಗೆ ಬಂತು. ಅವನಿಗೆ ಗಾಲಿ ಇರುವ ಕುರ್ಚಿ. ಯಂತ್ರಕ್ಕೆ ತಂಪು ಬೇಕೆಂದು ಅವನ ಕೋಣೆಗೆ ಏಸಿ. ನನಗೆ ಔಷಧದ ನೀರಿನ ಹುಳಿ ವಾಸನೆ ಮತ್ತು ಕೆಂಪು ಬಲ್ಬು. ಅವನು ತೆಗೆದ ಚಿತ್ರಗಳನ್ನು ತೊಳೆದುಕೊಡುವ ಕೆಲಸವೂ ನನ್ನದೇ. ಸಾಲದ್ದಕ್ಕೆ ಆ ಪುಣ್ಯಾತ್ಮ ನಿಗಡಿಯಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ ಬಾಡಿಗೆ ಹಿಡಿದ.

ಜನಕ್ಕೆ ಆಗ ಎಲ್ಲದಕ್ಕೂ ಎಮ್ಆರ್‌ಐ. ಸೊಂಟ ನೋವಿಗೆ ಎಮ್ಆರ್‌ಐ, ತಲೆ ತಿರುಗಿದರೆ ಎಮ್ಆರ್‌ಐ. ಒಂದು ಹಾಳೆಯಲ್ಲಿ ಇಪ್ಪತ್ತು ಚೌಕ, ಪ್ರತಿ ಚೌಕದಲ್ಲೂ ತಲೆಯ ಒಂದೊಂದು ಬಿಲ್ಲೆ. ನನಗೆ ಅದು ಇಪ್ಪತ್ತು ಅಕ್ರೋಟು ಕಂಡಂತೆ ಕಾಣುತ್ತಿತ್ತು. ಒಂದೊಂದೇ ಲಕೋಟೆ ನನ್ನ ಕಿಟಕಿ ಬಿಟ್ಟು ಅವನ ಮನೆಯ ಕಡೆ ತಿರುಗಿತು. ಹಾಲುಗಾಜು ಸಹ ಇಲ್ಲದ ಮನೆ, ಕಿಟಕಿಗೆ ಕಬ್ಬಿಣದ ಸರಳು. ಅವನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದ! ಒಂದು ಭಾನುವಾರ ನಮ್ಮಕ್ಕ ಕಲಸಿದ ಅವಲಕ್ಕಿಯೂ ಆ ಕಡೆ ಹೋಯಿತು.

ಸುಮ್ಮನಿರಲಿಲ್ಲ ನಾನು. ಯಂತ್ರ ಹೊಸದಾಗಿ ಬಂದಾಗ ಎಂಜಿನಿಯರು ಪರೀಕ್ಷೆಗೆಂದು ಒಂದು ದಾಳಿಂಬೆಯನ್ನು ಒಳಗಿಟ್ಟು ಚಿತ್ರ ತೆಗೆದಿದ್ದ. ಅದನ್ನು ತೊಳೆದವನು ನಾನು, ಒಂದು ಪ್ರತಿ ನನ್ನ ಹತ್ತಿರ ಉಳಿದಿತ್ತು. ಅದನ್ನು ಲಕೋಟೆಗೆ ಹಾಕಿ ಬಟ್ಟೆ ಅಂಗಡಿಯ ಗೆಳೆಯನೊಬ್ಬನ ಕೈಗೆ ಕೊಟ್ಟು ಕಲಬುರ್ಗಿಯವನ ಮನೆಗೆ ಕಳಿಸಿದೆ. ಬೀಗರ ತಲೆಯದು ಎಂದು ಹೇಳಲು ಕಲಿಸಿದ್ದೆ. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಮನೆ ತುಂಬ ಜನ, ಅಕ್ಕನೂ ಇದ್ದಳು. ಅವನು ಫಿಲ್ಮು ಹಿಡಿದು ಬಹಳ ಹೊತ್ತು ನೋಡಿದ.

“ಪೇಶಂಟ್ ಎಲ್ಲಿಯವರ್ರಿ?”

“ಸೊಲ್ಲಾಪುರದವರು,” ಅಂದ ಗೆಳೆಯ.

“ಅದಕ್ಕ ಸಿಪ್ಪಿ ದಪ್ಪ ಅದ. ಔಷಧ ಏನೂ ಬ್ಯಾಡ್ರಿ, ಉಪ್ಪು ಹಚ್ಚಿ ತಿಂದಬಿಡ್ರಿ.”

ಮನೆ ಹಾರಿಹೋಗುವ ಹಾಗೆ ನಕ್ಕರು. ನಮ್ಮಕ್ಕ ಬಾಯಿಯ ಮೇಲೆ ಸೆರಗು ಹಿಡಿದಳು, ಕಣ್ಣಲ್ಲಿ ನೀರು. ನನಗೆ ಸೋತದ್ದಕ್ಕಿಂತ ಆ ಮಾತು ನನಗೆ ಹೊಳೆಯಬೇಕಿತ್ತಲ್ಲ ಎಂಬ ಸಂಕಟ. ಆ ನಗು ನನ್ನದಾಗಿತ್ತು.

ಆಮೇಲೂ ನಾನು ಅವನ ಬಾಗಿಲಿಗೆ ಹೋಗುತ್ತಿದ್ದೆ, ಯಾರನ್ನೋ ಕರೆಯಲು ಬಂದವನ ಹಾಗೆ. ನಿಜಕ್ಕೂ ಕೇಳಿಸಿಕೊಳ್ಳಲು. ಒಂದು ದಿನ ತಲೆಯ ಫಿಲ್ಮು ಹಿಡಿದು ಒಬ್ಬರಿಗೆ ಹೇಳುತ್ತಿದ್ದ: “ಬಿಳೇ ಚುಕ್ಕಿ ಒಂದ ಚೌಕದಾಗ ಇದ್ರ ಅದು ಫಿಲ್ಮಿನ ತಪ್ಪು. ಎಲ್ಲಾ ಚೌಕದಾಗ ಎಳಿ ಹಿಡದಂಗ ಮುಂದ ಮುಂದ ಹೋದ್ರ ರಕ್ತನಾಳ. ಎರಡ ಮೂರ ಚೌಕದಾಗ ಬಂದು ಮಾಯ ಆತು, ಅಡ್ಡ ಕೊಯ್ದರೂ ಗುಂಡು, ಉದ್ದ ಕೊಯ್ದರೂ ಗುಂಡು ಅಂದ್ರ, ಅದನ್ನ ಡಾಕ್ಟರಿಗೆ ಲಗೂನ ತೋರಸಬೇಕು.” ಬೇರೆಲ್ಲೋ ಇರುವ ಕ್ಯಾನ್ಸರು ರಕ್ತದಲ್ಲಿ ತೇಲಿ ಬಂದು, ಮಿದುಳಿನ ಬೂದು ತೊಗಟೆ ಮತ್ತು ಒಳಗಿನ ಬಿಳಿ ತಿರುಳು ಕೂಡುವ ಗಡಿಯಲ್ಲಿ, ನಾಳಗಳು ಸಣ್ಣಗಾಗುವ ಕಡೆ ಸಿಕ್ಕಿಕೊಳ್ಳುತ್ತದಂತೆ. ಔಷಧ ಚುಚ್ಚದೆ ತೆಗೆದ ಚಿತ್ರದಲ್ಲಿ ಸಣ್ಣವು ಕಾಣುವುದೇ ಇಲ್ಲ. ಚುಚ್ಚಿ, ಸ್ವಲ್ಪ ಹೊತ್ತು ಕಾದು ತೆಗೆದರೆ ಹೊಳೆಯುತ್ತವಂತೆ. ದೊಡ್ಡದಾದರೆ ನಡುವೆ ಕಪ್ಪಾಗಿ ಉಂಗುರದ ಹಾಗೆ ಕಾಣುತ್ತದೆ, ಸುತ್ತ ಬಾವು. ಇದೆಲ್ಲ ನನಗೂ ಗೊತ್ತು ಎಂಬಂತೆ ತಲೆಯಾಡಿಸಿ ಬಂದಿದ್ದೆ.

ಎರಡು ಸಾವಿರದ ಆಚೆಗೆ ಒಂದು ಚಳಿಗಾಲ. ಅಕ್ಕನ ಎಡಗೈಯಿಂದ ಚಹಾದ ಕಪ್ಪು ಜಾರತೊಡಗಿತು. ಎದ್ದ ಕೂಡಲೇ ತಲೆನೋವು. ನಾಲ್ಕು ವರ್ಷದ ಹಿಂದೆ ಅವಳ ಎದೆಯ ಗಂಟು ತೆಗೆದಿದ್ದರು, ಕ್ಯಾನ್ಸರಿನದು. ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಡಾಕ್ಟರು ತಲೆಯ ಎಮ್ಆರ್‌ಐ ಬರೆದುಕೊಟ್ಟರು. ಶನಿವಾರ ನನ್ನ ಪಾಳಿ ಎರಡು ಗಂಟೆಗೆ ಮುಗಿಯಿತು. ಅವಳು ಮೂರಕ್ಕೆ ಹೋದಳು, ಅವನ ಪಾಳಿಗೆ. ನನಗೆ ಹೇಳಲೂ ಇಲ್ಲ. ನಾನು ಬೆಳಿಗ್ಗೆ ಸಜ್ಜು ಮಾಡಿಟ್ಟ ಯಂತ್ರದಲ್ಲೇ ಅವಳ ಫಿಲ್ಮನ್ನು ಮಧ್ಯಾಹ್ನದ ಪಾಳಿಯ ಹುಡುಗ ತೊಳೆದಿದ್ದ.

ಭಾನುವಾರ ಒಂಬತ್ತಕ್ಕೆ ಲಕೋಟೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಫಿಲ್ಮು ಆ ದಿನವೇ ಕೈಗೆ ಕೊಡುತ್ತಿದ್ದರು, ರಿಪೋರ್ಟು ಬರೆಯುವ ದೊಡ್ಡ ಡಾಕ್ಟರು ಬರುವುದು ಸೋಮವಾರ ಸಂಜೆ. ಲಕೋಟೆಯ ದಾರ ನೋಡಿದೆ. ಎರಡು ಗುಂಡಿಗಳಿಗೆ ಎಂಟರ ಆಕಾರದಲ್ಲಿ ಸುತ್ತಿತ್ತು. ಹಾಗೆ ಸುತ್ತುವವನು ಒಬ್ಬನೇ.

“ಮದಲ ಅವನ ಮನಿಗೆ ಹೋಗಿದ್ದಿ?”

“ಹಾದ್ಯಾಗ ಇತ್ತು, ಹೋದೆ.”

“ಪಕ್ಕದ ಬಿಲ್ಡಿಂಗಿಂದ ಇಲ್ಲಿಗೆ ಬರೂ ಹಾದ್ಯಾಗ ಅವನ ಮನಿ ಎಲ್ಲಿ ಬರ್ತದ ಅಕ್ಕಾ?”

“ನೀ ಮದಲ ಫಿಲ್ಮ ನೋಡೋ ಖೋಡಿ,” ಅಂದಳು. ನಾನು ಐದು ವರ್ಷದವನಿದ್ದಾಗಿನಿಂದ ಅವಳು ನನ್ನನ್ನು ಕರೆಯುತ್ತಿದ್ದದ್ದು ಹಾಗೆ, ತುಂಟ ಎಂದು. “ಮೂರು ಬಿಳೇ ಗುಂಡು ಅವ ಅಂದ. ಸುತ್ತ ಬಾವು ಅದ ಅಂದ. ನಾ ಡಾಕ್ಟರ ಅಲ್ರಿ ಅಕ್ಕಾರ, ಆದ್ರ ರಿಪೋರ್ಟಿಗೆ ಕಾಯಬ್ಯಾಡ್ರಿ, ನಾಳೆ ಮುಂಜಾನೆನ ಡಾಕ್ಟರ ಕಡೆ ಹೋಗ್ರಿ, ಬಸ್ಸಿನ್ಯಾಗ ದೂರ ಹೋಗಬ್ಯಾಡ್ರಿ, ಹಾದ್ಯಾಗ ಫಿಟ್ಸ್ ಬಂದ್ರ ತ್ರಾಸ ಅಂದ. ನನಗ ನಾಳೆ ಬಾರಾಮತಿಗೆ ಹೋಗೂದದ, ಮಂಗಳವಾರ ತೊಟ್ಟಲ ಕಾರ್ಯ.”

ಬಾರಾಮತಿಯಲ್ಲಿ ಅವಳ ಮಗಳಿಗೆ ಮದುವೆಯಾದ ಒಂಬತ್ತು ವರ್ಷಕ್ಕೆ ಮಗು ಹುಟ್ಟಿತ್ತು.

ಹಾಳೆಯನ್ನು ಹಾಲುಗಾಜಿಗೆ ಹಿಡಿದೆ. ಅಕ್ರೋಟುಗಳ ನಡುವೆ ಮೂರು ಚುಕ್ಕೆ, ಬೆಳ್ಳಗೆ, ದುಂಡಗೆ. ಒಂದು ಸ್ವಲ್ಪ ದೊಡ್ಡದು, ನಡುವೆ ಕಪ್ಪು. ಮೂರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಅಷ್ಟು ಸಾಕಾಯಿತು ನನಗೆ.

“ರೋಲರ್,” ಅಂದೆ.

“ಏನು?”

“ನನ್ನ ಯಂತ್ರದ ರೋಲರಿಂದು ಕಲೆ ಇದು. ಒಂದ ಸಾಲಿನ್ಯಾಗ ಅವ ನೋಡು. ಒಂದರಿಂದ ಒಂದು ಎರಡ ಬೆರಳು, ಮತ್ತ ಎರಡ ಬೆರಳು. ಇವು ತಲ್ಯಾಗ ಇಲ್ಲ, ಫಿಲ್ಮಿನ್ಯಾಗ ಅವ. ಫಿಲ್ಮಿನ ಸುದ್ದಿ ಆ ಏಸಿಯೊಳಗ ಕುಂತಾವಗ ಏನ ಗೊತ್ತಾಗಬೇಕು?”

ಬೆರಳಿಟ್ಟು ಅಳೆದು ತೋರಿಸಿದೆ. ಎರಡನೆಯ ಅಂತರ ಎರಡೂವರೆ ಬೆರಳಿತ್ತು. ಬೆರಳನ್ನು ತುಸು ಓರೆ ಮಾಡಿದೆ. ಲಕೋಟೆಯಲ್ಲಿ ಇನ್ನೊಂದು ಹಾಳೆ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ.

“ನಿನ್ನ ರೋಲರ್ ಎಂದೂ ಕಲೆ ಮಾಡೂದಿಲ್ಲ ಅಂತಿದ್ದೆಲ್ಲೋ?”

“ಮೂವತ್ತು ವರ್ಷಕ್ಕ ಒಮ್ಮೆ ಮಾಡ್ತದ. ಮನಷ್ಯಾ ತಪ್ಪತಾನ, ರಬ್ಬರ್ ತಪ್ಪಬಾರದೇನು?”

ಅಕ್ಕ ನಕ್ಕಳು. ಬಾಯಿಯ ಮೇಲೆ ಸೆರಗು. ಎಷ್ಟು ತಿಂಗಳಾಗಿತ್ತು ಆ ನಗು ನನಗೆ ಸಿಕ್ಕು! “ಹಂಗಾರ ನಾಳೆ ಹತ್ತರ ಬಸ್ಸಿಗೆ ಹೋಗ್ತೀನಿ,” ಅಂದು, ಕೂಸಿಗೆ ಮಾಡಿಸಿದ ಬೆಳ್ಳಿ ಕಡಗ ತೋರಿಸಿ, ಲಕೋಟೆಯನ್ನು ನನ್ನ ಹತ್ತಿರವೇ ಬಿಟ್ಟು ಹೋದಳು.

ಒಳಗಿನಿಂದ ನನ್ನ ಹೆಂಡತಿ ಅಂದಳು: “ಲಗ್ನ ಆದಾಗಿಂದ ನೋಡೀನಿ, ನಿಮ್ಮ ರೋಲರಿಗೆ ನೀವ ಬೈದದ್ದು ಇದ ಮದಲು.”

ಸೋಮವಾರ ಏಳಕ್ಕೆ ಡ್ಯೂಟಿಗೆ ಹೋದೆ. ಲಕೋಟೆ ಜೊತೆಗಿತ್ತು. ಎರಡು ಗಂಟೆಗೆ ಕಲಬುರ್ಗಿಯವನು ಬಂದಾಗ ಎಲ್ಲರ ಮುಂದೆ ಅದನ್ನು ಎತ್ತಿ ಹಿಡಿದು, ದಾಳಿಂಬೆಯ ಬಾಕಿ ತೀರಿಸಬೇಕು ಎಂದುಕೊಂಡಿದ್ದೆ. ಆಡಬೇಕಾದ ಮಾತನ್ನೂ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ.

ನನ್ನದೊಂದು ಪದ್ಧತಿ ಇತ್ತು. ಬೆಳಿಗ್ಗೆ ರೋಲರುಗಳನ್ನು ತೊಳೆದು, ಮೊದಲು ಒಂದು ಫಿಲ್ಮನ್ನು ಪೂರ್ತಿ ಬೆಳಕಿಗೆ ಒಡ್ಡಿ ಯಂತ್ರದೊಳಗೆ ಬಿಡುತ್ತಿದ್ದೆ. ಅದು ಕಾಡಿಗೆಯಂತೆ ಕಪ್ಪಾಗಿ ಹೊರಬರಬೇಕು. ರೋಲರಿನಲ್ಲಿ ದೋಷವಿದ್ದರೆ ಆ ಕಪ್ಪಿನಲ್ಲಿ ಬಿಳಿ ಚುಕ್ಕೆ ಹೊಳೆಯುತ್ತದೆ. ಅವತ್ತೂ ಬಿಟ್ಟೆ. ಹೊರಬಂದ ಹಾಳೆಯನ್ನು ಬೆಳಕಿಗೆ ಹಿಡಿದೆ. ಒಂದು ನಕ್ಷತ್ರವೂ ಇಲ್ಲದ ಆಕಾಶ.

ಇವತ್ತು ತೊಳೆದಿದ್ದೇನೆ, ಅದಕ್ಕೇ ಎಂದುಕೊಂಡೆ. ಆದರೆ ಪ್ರತಿ ದಿನದ ಕಪ್ಪು ಹಾಳೆಯನ್ನೂ ಒಂದು ತಿಂಗಳು ಎತ್ತಿಡುವವನು ನಾನು. ಯಾರಾದರೂ ತಪ್ಪು ಹುಡುಕಿದರೆ ಮುಖಕ್ಕೆ ಹಿಡಿಯಲು. ಶನಿವಾರದ್ದನ್ನು ತೆಗೆದೆ. ಅದರಲ್ಲೂ ಚುಕ್ಕೆ ಇಲ್ಲ. ಆ ಹಾಳೆ ಈಗ ನನ್ನ ಮುಖಕ್ಕೇ ಬಂತು. ಜೀವಮಾನದಲ್ಲಿ ಮೊದಲ ಸಲ ನನ್ನ ಕೆಲಸ ಕೆಟ್ಟಿರಲಿ ಎಂದು ಬೇಡಿಕೊಂಡೆ. ಕೆಟ್ಟಿರಲಿಲ್ಲ.

ಅಕ್ಕನ ಲಕೋಟೆಯಿಂದ ಎರಡನೆಯ ಹಾಳೆ ತೆಗೆದೆ. ಅದೇ ತಲೆ, ಬೇರೆ ದಿಕ್ಕಿನಿಂದ ಕೊಯ್ದ ಬಿಲ್ಲೆಗಳು. ಅಲ್ಲೂ ಮೂರಿದ್ದವು. ಬೂದು ಮತ್ತು ಬಿಳಿ ಕೂಡುವ ಗಡಿಯಲ್ಲಿ, ಒಂದು ಚೌಕದಲ್ಲಿ ಹುಟ್ಟಿ, ಮುಂದಿನದರಲ್ಲಿ ದೊಡ್ಡದಾಗಿ, ಅದರ ಮುಂದಿನದರಲ್ಲಿ ಮಾಯವಾಗುತ್ತಿದ್ದವು. ಅಡ್ಡ ಕೊಯ್ದರೂ ಗುಂಡು, ಉದ್ದ ಕೊಯ್ದರೂ ಗುಂಡು. ದೊಡ್ಡದರ ಸುತ್ತ ಬಾವು ಬೆರಳು ಚಾಚಿದ ಹಾಗೆ ಹರಡಿತ್ತು. ಅವನ ಬಾಗಿಲಲ್ಲಿ ನಿಂತು ಕದ್ದು ಕಲಿತದ್ದೆಲ್ಲ ಒಮ್ಮೆಲೇ ಕಣ್ಣಿಗೆ ಬಂತು.

ಗಡಿಯಾರದಲ್ಲಿ ಒಂಬತ್ತೂಕಾಲು. ಯಾರಿಗೂ ಹೇಳದೆ ರಿಕ್ಷಾ ಹಿಡಿದು ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಹೋದೆ.

ಬಾರಾಮತಿ ಬಸ್ಸು ಗುರುಗುಡುತ್ತ ನಿಂತಿತ್ತು. ಅಕ್ಕ ಮೂರನೆಯ ಸೀಟಿನಲ್ಲಿ ಕಿಟಕಿ ಪಕ್ಕ, ತೊಡೆಯ ಮೇಲೆ ಚೀಲ. ನಾನು ಏದುಸಿರು ಬಿಡುತ್ತ ಹತ್ತಿದೆ.

“ಅಕ್ಕಾ, ಇಳಿ.”

“ಯಾಕ? ಮತ್ತ ನಳ ತೆರದಬಿಟ್ಟೀನೇನು?”

ಹಿಂದೊಮ್ಮೆ ತುಳಜಾಪುರದ ಬಸ್ಸಿನಿಂದ ಅವಳನ್ನು ಹೀಗೇ ಇಳಿಸಿದ್ದೆ, ನಳ ತೆರೆದೇ ಇದೆ, ಮನೆ ತುಂಬ ನೀರು ಎಂದು. ಮನೆಗೆ ಹೋಗಿ ನೋಡಿದರೆ ನಳದಲ್ಲಿ ನೀರೇ ಬಂದಿರಲಿಲ್ಲ. ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೆವು.

“ಅದು ರೋಲರ್ ಅಲ್ಲ ಅಕ್ಕಾ.”

“ನಿನ್ನೆ ರೋಲರ್, ಇವತ್ತ ಅಲ್ಲ. ನಾಳೆ ಏನು, ದಾಳಂಬರಿ?” ಪಕ್ಕದಲ್ಲಿ ಕೂತ ಹೆಂಗಸಿಗೆ ಮರಾಠಿಯಲ್ಲಿ ನನ್ನ ಗುಣಗಾನ ಶುರು ಮಾಡಿದಳು. ಇವನು ನನ್ನ ತಮ್ಮ, ಸಣ್ಣವನಿದ್ದಾಗಿನಿಂದ ಹೀಗೇ, ನಂಬಬೇಡಿ ಎಂದು. ಆ ಹೆಂಗಸೂ ನಕ್ಕಳು.

“ಎರಡ ಬೆರಳ ಇರಲಿಲ್ಲ. ಎರಡೂವರಿ ಇತ್ತು. ನಾ ಬೆರಳ ವಾರಿ ಮಾಡಿದೆ.”

“ಆಹಾ, ಬೆರಳಿಗೂ ಕಲಿಸಿಯೇನು ನಾಟಕ?”

ಕಾಲು ಮುಟ್ಟಿದೆ. ಅವಳ ನಗು ಹೆಚ್ಚಾಯಿತು. ಕಂಡಕ್ಟರು ಬಂದು, “ಕಾಕಾ, ತಿಕೀಟ ಘ್ಯಾ, ನಾಹೀತರ ಉತರಾ,” ಅಂದ. ಟಿಕೆಟ್ ತೆಗೆದುಕೋ, ಇಲ್ಲವಾದರೆ ಇಳಿ. ಅವನ ಕೈ ಗಂಟೆಯ ಹಗ್ಗದ ಮೇಲಿತ್ತು. ಅರವತ್ತರ ಹತ್ತಿರದ ನನ್ನ ಹತ್ತಿರ ಸುಳ್ಳುಗಳು ರಾಶಿ ಇದ್ದವು. ಅವಳು ನಂಬುವಂಥ ನಿಜ ಒಂದೂ ಇರಲಿಲ್ಲ. ಒಂದಿತ್ತು, ಅದನ್ನು ಆಡಲು ನನಗೆ ನಾಲಗೆ ಹೊರಳುತ್ತಿರಲಿಲ್ಲ.

“ಅವನ ಕಣ್ಣು ನನ್ನ ಕಣ್ಣಿಗಿಂತ ಚಲೋ ಅದ ಅಕ್ಕಾ,” ಅಂದೆ. “ಮದಲಿಂದನೂ.”

ಅಕ್ಕನ ನಗು ನಿಂತಿತು. ನನ್ನ ಮುಖವನ್ನೇ ನೋಡಿದಳು. ಕಂಡಕ್ಟರು ಏನೋ ಗೊಣಗಿದ. ಅವಳು ತೊಡೆಯ ಮೇಲಿನ ಚೀಲವನ್ನು ನನ್ನ ಕೈಗೆ ಕೊಟ್ಟು, “ಹಿಡಿ,” ಅಂದು ಎದ್ದಳು. ಬಸ್ಸು ನಮ್ಮನ್ನು ಬಿಟ್ಟು ಹೋದ ಮೇಲೆ ಒಂದೇ ಒಂದು ಮಾತು ಕೇಳಿದಳು: “ಮೂರೂ?”

“ಮೂರೂ,” ಅಂದೆ.

ಅಲ್ಲಿಂದ ನೇರ ಡಾಕ್ಟರ ಹತ್ತಿರ. ಅವರು ಫಿಲ್ಮು ನೋಡಿದ ಕೂಡಲೇ ಬಾವು ಇಳಿಯಲು ಔಷಧ ಶುರು ಮಾಡಿದರು. ಮಂಗಳವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ಎಡಗೈ ತಾನಾಗಿ ಕುಣಿಯತೊಡಗಿತು, ಆಮೇಲೆ ಮುಖದ ಎಡಭಾಗ. ಎರಡು ನಿಮಿಷ. ಬಾರಾಮತಿಯಲ್ಲಿ ಮಗು ಎತ್ತಿಕೊಂಡು ನಿಂತಿರಬೇಕಾಗಿದ್ದ ಹೊತ್ತು ಅದು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು.

ತೊಟ್ಟಿಲು ನಮ್ಮ ಮನೆಯಲ್ಲೇ ಆಯಿತು, ಹದಿನೈದು ದಿನ ತಡವಾಗಿ. ಮಗಳು ಕೂಸನ್ನು ಇಲ್ಲಿಗೇ ತಂದಳು. ಅಷ್ಟರಲ್ಲಿ ತಲೆಗೆ ರೇಡಿಯೇಶನ್ ಶುರುವಾಗಿತ್ತು. ಅಕ್ಕನ ಕೂದಲು ಹೋಯಿತು. “ಈಗ ಕೂಸು ಯಾವುದು ಅಜ್ಜಿ ಯಾವುದು ತಿಳೀವಲ್ದು,” ಅಂದೆ. ನಕ್ಕಳು. ಅದು ನನ್ನದು, ಅದನ್ನು ಲೆಕ್ಕಕ್ಕೆ ಹಿಡಿದಿದ್ದೇನೆ.

ಮೂರು ತಿಂಗಳಿಗೆ ಮತ್ತೆ ಎಮ್ಆರ್‌ಐ. ಅಕ್ಕ ಕಲಬುರ್ಗಿಯವನನ್ನು ನಮ್ಮ ಮನೆಗೇ ಕರೆಸಿದಳು. “ಅವನ ಮನ್ಯಾಗ ಬೆಳಕಿಲ್ಲ. ನಿನಗ ಕಣ್ಣಿಲ್ಲ. ನೀ ಹಿಡಕೊ, ಅವ ಓದಲಿ.” ಹಿಡಿದುಕೊಂಡೆ. ಅವನು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. ಬಸ್ಸಿನ ಸುದ್ದಿ ಅವನಿಗೆ ಗೊತ್ತಿತ್ತು, ಅಕ್ಕ ಹೇಳದೆ ಇರುತ್ತಾಳೆಯೇ? ಆದರೂ ಅವನು ಅದನ್ನು ಒಮ್ಮೆಯೂ ಎತ್ತಲಿಲ್ಲ. ನಾನಾಗಿದ್ದರೆ ಓಣಿ ತುಂಬ ಡಂಗುರ ಹೊಡೆಯುತ್ತಿದ್ದೆ. ಆ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚು.

“ದೊಡ್ಡದು ಕಡಲಿಕಾಳಷ್ಟಿತ್ರಿ ಅಕ್ಕಾರ, ಈಗ ಸಾಸಿವಿ ಆಗೇದ,” ಅಂದ. “ಉಳದ ಎರಡು ನನಗ ಕಾಣವಲ್ವು.” ಅಕ್ಕ ಅವನ ಕಡೆ ತಿರುಗಿ ನಕ್ಕಳು. ಅಲುಗದೆ ಫಿಲ್ಮು ಹಿಡಿದವನು ನಾನು!

ಮುಂದಿನ ವರ್ಷ ಫೆಬ್ರವರಿಯಲ್ಲಿ ಕೊನೆಯ ಫಿಲ್ಮು ಬಂತು. ಅಷ್ಟರಲ್ಲಿ ಮಗು ಗೋಡೆ ಹಿಡಿದು ನಡೆಯುತ್ತಿತ್ತು, ಅಕ್ಕನೂ ಗೋಡೆ ಹಿಡಿದೇ ನಡೆಯುತ್ತಿದ್ದಳು. ಒಂಬತ್ತು ಗಂಟೆಯ ಬಿಸಿಲು ಹಾಲುಗಾಜಿನ ತುಂಬ ಇತ್ತು. ನಾನು ಹಾಳೆಯನ್ನು ಎತ್ತಿ ಹಿಡಿದೆ. ಈಗ ಓದಲು ನನಗೂ ಬರುತ್ತಿತ್ತು. ಒಂದು ಚೌಕದಲ್ಲಿ ಐದು ಎಣಿಸಿದೆ, ಅದರ ಕೆಳಗಿನದರಲ್ಲಿ ಎಂಟು, ಆಮೇಲೆ ಎಣಿಸುವುದನ್ನು ಬಿಟ್ಟೆ. ಹಾಳೆ ಬೀಳಬಾರದೆಂದು ಎರಡೂ ಕೈಯಿಂದ ಒತ್ತಿ ಹಿಡಿದೆ. ಕಲಬುರ್ಗಿಯವನು ಬಹಳ ಹೊತ್ತು ನೋಡಿದ. ನನ್ನ ಕಡೆ ಒಮ್ಮೆ ತಿರುಗಿದ, ಅಪ್ಪಣೆ ಕೇಳುವವನ ಹಾಗೆ. ಆಮೇಲೆ ಅಕ್ಕನ ಮುಂದೆ ನೆಲದ ಮೇಲೆ ಕೂತ.

“ಇವತ್ತ ಬೆಳಕ ಸಾಲವಲ್ದ್ರಿ ಅಕ್ಕಾರ,” ಅಂದ. “ಡಾಕ್ಟರಿಗೆ ತೋರಸ್ರಿ.”

ನನ್ನ ಮಾತು. ಅದನ್ನೂ ತೆಗೆದುಕೊಂಡ, ಮತ್ತು ನನಗಿಂತ ಚೆನ್ನಾಗಿ ಆಡಿದ.

ಎಷ್ಟೋ ಭಾನುವಾರ ಆ ಮೂಲೆಯಲ್ಲಿ ಕೂತು ಆ ಮಾತನ್ನು ಕೇಳಿದವಳು ನಮ್ಮಕ್ಕ. ಬಿಸಿಲಿನಿಂದ ಬೆಳ್ಳಗಾದ ಕಿಟಕಿಯನ್ನು ಒಂದು ಗಳಿಗೆ ನೋಡಿದಳು.

“ಹೌದಪಾ,” ಅಂದಳು, “ಮೋಡ ಆಗೇದ.”

ಅಂದು ಅವನ ಕೈ ತಟ್ಟಿದಳು. ನನ್ನ ಎರಡೂ ಕೈ ಫಿಲ್ಮಿನ ಮೇಲಿದ್ದವು.